ನಾನು ಬರೆದುಕೊಟ್ಟ ವಯಸ್ಸು

ವಯಸ್ಸಿನ ವಿಚಾರಕ್ಕೆ ಕೈ ಹಾಕಿದವರು ನಗೆಪಾಟಲಾಗದೆ ಹೊರಗೆ ಬಂದದ್ದನ್ನು ನಾನಂತೂ ಕಂಡಿಲ್ಲ. ಕೇಳಿದವರಿಗೂ ಆಗುತ್ತದೆ, ಹೇಳಿದವರಿಗೂ ಆಗುತ್ತದೆ, ಬರೆದುಕೊಂಡವರಿಗೆ ತಪ್ಪಿದ್ದೇ ಇಲ್ಲ. ನಾನು ಬರೆದುಕೊಂಡವಳು ಮಾತ್ರವಲ್ಲ, ಬರೆದುಕೊಟ್ಟವಳು ಕೂಡ. ಹಾಗಾಗಿ ನನ್ನ ಪಾಲಿಗೆ ಎರಡು ಪಟ್ಟು ಬಂತು.

ತಮಿಳುನಾಡಿಗೆ ಸೇರಿದ್ದರೂ ಕನ್ನಡವೇ ಆಡುವ ತಾಳವಾಡಿ ಬೆಟ್ಟದ ಊರುಗಳಲ್ಲಿ ಮೂವತ್ತನಾಲ್ಕು ವರ್ಷ ನರ್ಸಾಗಿದ್ದೆ. ಹೆರಿಗೆ, ಲಸಿಕೆ, ಬಿ.ಪಿ., ಸಕ್ಕರೆ ಎಂದು ತಿರುಗದ ಓಣಿಯಿಲ್ಲ. ನಾನು ಈಗ ಹೇಳುತ್ತಿರುವುದು ನಿವೃತ್ತಿಯಾದ ಮೇಲಿನ ಎರಡು ವರ್ಷದ ಮಾತು. ನೆನೆಸಿಕೊಂಡರೆ ನಗು ಬರುತ್ತದೆ. ನಕ್ಕು ಸುಮ್ಮನಾದ ಮೇಲೆ, ಹಾಗೆ ಮಾಡಬಾರದಿತ್ತು ಅನ್ನಿಸುತ್ತದೆ.

ಮೊದಲು ಹುಟ್ಟಿದವನು

ನಿವೃತ್ತಿಯಾಗಿ ಎಂಟು ತಿಂಗಳಾಗಿತ್ತು. ಬೆಳಿಗ್ಗೆ ಎದ್ದು ಸೀರೆ ಉಟ್ಟು, ಬ್ಯಾಗಿಗೆ ಕೈ ಚಾಚುವಾಗ ಹೋಗುವುದಕ್ಕೆ ಎಲ್ಲಿಯೂ ಇಲ್ಲ ಎಂದು ನೆನಪಾಗಿ ಮತ್ತೆ ಕೂತುಕೊಳ್ಳುತ್ತಿದ್ದೆ. ಅಂಥ ಒಂದು ಬೆಳಿಗ್ಗೆ ಮನೆ ಮುಂದೆ ಜೀಪು ನಿಂತಿತು. ತಾನೇ ಓಡಿಸಿಕೊಂಡು ಬಂದಿದ್ದ ಹುಡುಗಿಗೆ ಮೂವತ್ತೆರಡೋ ಮೂವತ್ಮೂರೋ ಇರಬೇಕು. ಮೈಸೂರಿನವಳು, ಡಾಕ್ಟರು. ಆದರೆ ರೋಗಿಗಳನ್ನು ನೋಡುವ ಡಾಕ್ಟರಲ್ಲ. ಮನುಷ್ಯ ಯಾಕೆ ಮುದುಕನಾಗುತ್ತಾನೆ, ಅದನ್ನು ತಡೆಯಬಹುದೇ ಎಂದು ಸಂಶೋಧನೆ ಮಾಡುವವಳು.

"ಸಿಸ್ಟರ್, ಈ ಬೆಟ್ಟದಲ್ಲಿ ತೊಂಬತ್ತೈದು ದಾಟಿದವರು ಎಲ್ಲೂ ಇಲ್ಲದಷ್ಟು ಇದ್ದಾರೆ. ಅವರ ರಕ್ತದಲ್ಲಿ ಏನಿದೆ, ಊಟದಲ್ಲಿ ಏನಿದೆ ನೋಡಬೇಕು. ಇವರ ಮಾತು ನನಗೆ ಅರ್ಧ ಅರ್ಥವಾಗಲ್ಲ. ನೀವು ಜೊತೆಗೆ ಬರ್ತೀರಾ?" ಎಂದಳು.

ಬರುವುದಕ್ಕೇನು, ನಾನು ಆಗಲೇ ಚಪ್ಪಲಿ ಮೆಟ್ಟಿದ್ದೆ. ಅವಳು ಇಪ್ಪತ್ತಾರು ಹೆಸರಿನ ಪಟ್ಟಿ ಕೈಗಿತ್ತಳು. ಓದುತ್ತಾ ಹೋದೆ. ತೊಂಬತ್ತೇಳು, ನೂರಾ ಒಂದು, ನೂರಾ ಮೂರು. ಅದರಲ್ಲಿ ಬಹುಪಾಲು ವಯಸ್ಸನ್ನು ಬರೆದವಳು ನಾನೇ.

ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಗಂಡ ಸತ್ತವರು, ಸೊಂಟ ಬಿದ್ದವರು ಮುದುಕರ ಪೆನ್ಷನ್ನಿಗೆ ಅರ್ಜಿ ಹಾಕಬೇಕಾದರೆ ವಯಸ್ಸಿಗೆ ಒಂದು ಚೀಟಿ ಬೇಕಿತ್ತು. ಹುಟ್ಟಿದ ದಿನ ಯಾರಿಗೂ ಗೊತ್ತಿರಲಿಲ್ಲ. ಆಸ್ಪತ್ರೆಯ ಡಾಕ್ಟರು ಖಾಲಿ ಚೀಟಿಗೆ ಸಹಿ ಹಾಕಿಟ್ಟು ಹೋಗುತ್ತಿದ್ದರು, ವಯಸ್ಸು ತುಂಬುತ್ತಿದ್ದವಳು ನಾನು. ಐವತ್ತೈದರ ಹೆಂಗಸು ಎದುರಿಗೆ ಅಳುತ್ತಾ ನಿಂತರೆ ಯಾವ ಕೈ ಐವತ್ತೈದು ಎಂದು ಬರೆಯುತ್ತದೆ? ಪೆನ್ಷನ್ನಿಗೆ ಬೇಕಾದ ಅರವತ್ತೈದನ್ನೇ ಬರೆದರೆ ಅನುಮಾನ ಬರುತ್ತದೆಂದು ಇನ್ನೂ ನಾಲ್ಕೈದು ಸೇರಿಸಿ ಎಪ್ಪತ್ತು ಎಂದು ಬರೆದುಬಿಡುತ್ತಿದ್ದೆ. ಆ ಚೀಟಿ ನೋಡಿ ರೇಷನ್ ಕಾರ್ಡು ಬಂತು, ಅದನ್ನು ನೋಡಿ ವೋಟರ್ ಕಾರ್ಡು, ಅದನ್ನು ನೋಡಿ ಆಧಾರ್. ನನ್ನ ಒಂದು ಸುಳ್ಳು ನಾಲ್ಕು ಕಡೆ ಸತ್ಯವಾಗಿ ಕೂತಿತ್ತು.

ಆವತ್ತೇ ಹೇಳಿಬಿಡಬೇಕಿತ್ತು. ಹೇಳಿದ್ದರೆ ಜೀಪು ತಿರುಗಿ ಹೋಗುತ್ತಿತ್ತು, ನಾನು ಮತ್ತೆ ಮನೆಯಲ್ಲಿ ಕೂರಬೇಕಿತ್ತು. ನಾಳೆ ಹೇಳೋಣ ಎಂದುಕೊಂಡು ಹತ್ತಿ ಕೂತೆ.

ಮೊದಲನೆಯ ಮನೆ ಗೆಟ್ಟವಾಡಿಯಲ್ಲಿ. ಕಾರ್ಡಿನ ಪ್ರಕಾರ ತಾತನಿಗೆ ತೊಂಬತ್ತೊಂಬತ್ತು. ಪಕ್ಕದಲ್ಲಿ ಇನ್ನೊಬ್ಬರು ಬಾಗಿದ ಬೆನ್ನಿನ ತಾತ ಎಲೆ ಅಡಿಕೆ ಹಾಕುತ್ತಾ ಕೂತಿದ್ದರು.

"ಇವರು ಯಾರು?" ಎಂದಳು ಡಾಕ್ಟರು.

"ನಮ್ಮಣ್ಣ."

ಅವರ ಕಾರ್ಡನ್ನೂ ಕೇಳಿ ನೋಡಿದಳು. ತೊಂಬತ್ತೊಂದು. ಅವಳು ನನ್ನ ಮುಖ ನೋಡಿದಳು. ನಾನು ಅವಸರವಾಗಿ, "ಇಲ್ಲಿ ಗೌರವಕ್ಕೆ ಎಲ್ಲರನ್ನೂ ಅಣ್ಣ ಅಂತಾರೆ," ಎಂದೆ.

ತಾತನಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಅರ್ಜಿಗೆ ನಮ್ಮ ಕಡೆ ತಮಿಳಿನ 'ಮನು' ಎಂಬ ಮಾತೇ ರೂಢಿ. ತಾತ ನನ್ನನ್ನು ಸರಿಮಾಡಿದರು: "ಗವ್ರವಕ್ಕಲ್ಲ ಕಣವ್ವ, ಒಡಹುಟ್ಟಿದ ಅಣ್ಣನೇ. ಉಟ್ಟುದ್ದು ಅವ್ನು ಮೊದ್ಲು. ಮನು ಕೊಟ್ಟುದ್ದು ನಾನು ಮೊದ್ಲು."

ಗುಟ್ಟು

ಪುಣ್ಯಕ್ಕೆ ಆ ಮಾತು ಡಾಕ್ಟರಿಗೆ ಅರ್ಥವಾಗಲಿಲ್ಲ. ಅಣ್ಣನಿಗಿಂತ ಎಂಟು ವರ್ಷ ಮೊದಲೇ ತಮ್ಮನಿಗೆ ಎಪ್ಪತ್ತು ಎಂದು ಬರೆದುಕೊಟ್ಟಿದ್ದೆನೆಂದು ನಾನೂ ಬಿಡಿಸಿ ಹೇಳಲಿಲ್ಲ. ಮಾರನೆಯ ವಾರ ಕಾರ್ಡಿನಲ್ಲಿ ತೊಂಬತ್ತೆಂಟಾಗಿದ್ದ ಒಬ್ಬ ಅಜ್ಜಿಯ ಮನೆಗೆ ಹೋದೆವು. ಡಾಕ್ಟರ ಕೈಯಲ್ಲಿ ಹನ್ನೆರಡು ಪುಟದ ಪ್ರಶ್ನೆಗಳು. ರಾಗಿ, ಸೊಪ್ಪು, ಜೇನುತುಪ್ಪ ಎಂದು ಬರೆದುಕೊಳ್ಳಲು ಪೆನ್ನು ತುದಿಗಾಲಲ್ಲಿ ನಿಂತಿತ್ತು.

"ಅಜ್ಜಿ, ದಿನಾ ಏನು ಊಟ ಮಾಡ್ತೀರಿ?"

"ಬೆಳಗ್ಗ ಬನ್ನು, ಟೀ. ಮದ್ಯಾನ ಅನ್ನ. ಸಾಯಂಕಾಲ ಬಿಸ್ಕತ್ತು, ಟೀ. ಸಕ್ಕರೆ ಮೂರು ಚಮಚ. ಸೊಸೆ ನೋಡ್ದೆ ಇದ್ರ ಐದು."

"ರಾಗಿ ಮುದ್ದೆ ತಿನ್ನಲ್ವಾ?"

"ರಾಗಿ ಇಟ್ಟಾ? ನಮ್ಮತ್ತೆ ಉಣ್ಣೋರು. ಅರವತ್ಗೇ ಓದ್ರು."

ಡಾಕ್ಟರು ಆ ಪುಟ ಮಡಚಿ ಮುಂದಿನ ಪುಟಕ್ಕೆ ಹೋದಳು. "ಬೇಜಾರಾಗುತ್ತಾ ಅಜ್ಜಿ?"

"ಆಯ್ತದ."

"ಯಾವಾಗಿಂದ?"

"ನೀವು ಬಂದಾಗ್ಲಿಂದ."

ಅಷ್ಟು ಹೊತ್ತೂ ನಕ್ಕು ನಗಿಸುತ್ತಿದ್ದ ಅಜ್ಜಿ, ಕೈಯ ಬಿಗಿ ಅಳೆಯುವ ಯಂತ್ರ ಹಿಡಿದುಕೊಂಡು ಒಂದು ಸಲ ಹಿಂಡಿ, ಅದನ್ನು ಮಡಿಲಲ್ಲಿಟ್ಟು ಕೇಳಿತು: "ನನ್ ತಂಗಿ ಒಬ್ಬಳು ಇದ್ಲು. ಇಪ್ಪತ್ತು ತುಂಬ್ಲಿಲ್ಲ, ಬಾಣಂತನದಲ್ಲೇ ಓದ್ಲು. ಅವ್ಳು ಏನು ತಿಂದಿದ್ರ ಉಳೀತಿದ್ಲು ಕಣವ್ವಾ?"

ಡಾಕ್ಟರು ಪ್ರಶ್ನೆಗಳ ಪುಟ ತಿರುವಿ ಉತ್ತರ ಹುಡುಕಿದಳು. ನನಗೆ ಗೊತ್ತಿತ್ತು. ಆಗ ಬೆಟ್ಟ ಇಳಿಸಲು ಗಾಡಿ ಇರಲಿಲ್ಲ, ಅಷ್ಟೇ. ತಿನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಆ ಪ್ರಶ್ನೆ ಹನ್ನೆರಡು ಪುಟದಲ್ಲಿ ಎಲ್ಲಿಯೂ ಇರಲಿಲ್ಲವಾದ್ದರಿಂದ ನಾನು ಬಾಯಿ ಬಿಡಲಿಲ್ಲ. ಬಿಡಬೇಕಿತ್ತು. ಅಜ್ಜಿ ಅರವತ್ತೆಪ್ಪತ್ತು ವರ್ಷದಿಂದ ಕಾದಿಟ್ಟುಕೊಂಡಿದ್ದ ಪ್ರಶ್ನೆ ಅದು.

ಮಾತು ಬದಲಿಸಲೆಂದು ಡಾಕ್ಟರು ತನ್ನ ವಿಜ್ಞಾನದ ಕಥೆ ತೆಗೆದಳು. "ಅಜ್ಜಿ, ಈಗ ಬಹಳ ಕಡೆ ಕೆಲಸ ನಡೀತಿದೆ. ಮಾತ್ರೆ ಕೊಟ್ಟು, ಊಟ ಕಡಿಮೆ ಮಾಡಿ ಇಲಿಗಳ ಆಯಸ್ಸು ಹೆಚ್ಚಿಸಿದ್ದಾರೆ. ಮನುಷ್ಯರಲ್ಲಿ ಮಾತ್ರ ಇನ್ನೂ ಗೊತ್ತಾಗಿಲ್ಲ."

ಅಜ್ಜಿಯ ಮುಖ ಕೆಂಪಾಯಿತು. "ಇಲಿ ಆಯಸ್ಸು ಜಾಸ್ತಿ ಮಾಡವ್ರಾ? ನಿಮ್ಗೇನು ಬಂದದವ್ವ! ಇರೋ ಆಯಸ್ನಲ್ಲೇ ನಮ್ ಮೂಟೆ ಎಲ್ಲ ತೂತು ಮಾಡ್ತಾವ!"

ನಾಲ್ಕು ಮೀಟರ್

ಮುದುಕರು ಎಷ್ಟು ಬೇಗ ನಡೆಯುತ್ತಾರೆ ಎಂಬುದರ ಮೇಲೆ ಅವರಿಗೆ ಇನ್ನೆಷ್ಟು ದಿನ ಉಳಿದಿದೆ ಎಂದು ಅಂದಾಜು ಮಾಡಬಹುದಂತೆ. ಡಾಕ್ಟರು ಹಾಗೆ ಹೇಳಿದಾಗ ನನಗೆ ನಂಬಿಕೆ ಬಂತು. ಮೂವತ್ತನಾಲ್ಕು ವರ್ಷ ನಾನೂ ಹಾಗೆಯೇ ಅಂದಾಜು ಮಾಡಿದವಳು.

ಅದಕ್ಕಾಗಿ ಊರಿನ ಸಮುದಾಯ ಭವನದಲ್ಲಿ ನೆಲದ ಮೇಲೆ ಎರಡು ಬಣ್ಣದ ಪಟ್ಟಿ ಅಂಟಿಸಿದೆವು. ನಡುವೆ ನಾಲ್ಕು ಮೀಟರ್. ಈ ಪಟ್ಟಿಯಿಂದ ಆ ಪಟ್ಟಿಗೆ ನಡೆಯಬೇಕು, ಡಾಕ್ಟರು ಕೈಗಡಿಯಾರ ಒತ್ತುತ್ತಾಳೆ. ಕಾರ್ಡಿನಲ್ಲಿ ತೊಂಬತ್ತೇಳಾಗಿದ್ದ ಒಬ್ಬ ತಾತ ಬಿಳಿ ಅಂಗಿ, ಹೆಗಲಿಗೆ ಟವೆಲು ಹಾಕಿಕೊಂಡು ಬಂದಿದ್ದರು. ಬೇರೆ ದಿನಗಳಲ್ಲಿ ಮಕ್ಕಳು ಅವರನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ. ಬೀಳುತ್ತೀರಿ ಎಂದು ಕೋಲನ್ನೂ ಬಚ್ಚಿಟ್ಟಿದ್ದರು.

"ತಾತ, ನಡೀರಿ," ಎಂದೆ.

ತಾತ ನಡೆದರು. ಮೊದಲನೆಯ ಪಟ್ಟಿ ದಾಟಿದರು, ಎರಡನೆಯದನ್ನೂ ದಾಟಿದರು, ಬಾಗಿಲನ್ನೂ ದಾಟಿದರು. ಮೆಟ್ಟಿಲಿಳಿದು ಮೂತ್ರಕ್ಕೆ ಹೋಗಿರಬೇಕೆಂದು ನಾವು ಕಾದೆವು. ಹತ್ತು ನಿಮಿಷವಾಯಿತು. ಹೊರಗೆ ಬಂದು ನೋಡಿದರೆ ತಾತ ಇಲ್ಲ. ಟೀ ಅಂಗಡಿಯವನು, "ಚಾಮರಾಜನಗರದ ಬಸ್ ಅತ್ತಿದ್ರಲ್ಲಾ," ಎಂದ.

ಡಾಕ್ಟರು ಜೀಪು ಹಾರಿಸಿದಳು. ನಾನು ಪಕ್ಕದಲ್ಲಿ ಕೂತು ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ. ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ತಾತ ಕಿಟಕಿ ಹತ್ತಿರ ಕೂತು ದೋಸೆ ಮುರಿಯುತ್ತಿದ್ದರು. ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ನಮ್ಮ ಯಾವ ಪರೀಕ್ಷೆಯಲ್ಲೂ ಕಂಡಿರಲಿಲ್ಲ.

"ಆರು ವರ್ಸ ಆಗಿತ್ತು ಕಣವ್ವ, ಈ ಕಡೆ ಬಂದು," ಎಂದರು.

ಇನ್ನೊಂದು ದೋಸೆ ತಿನ್ನಲು ಬಿಡಬಹುದಿತ್ತು. ಅಂಗಡಿ ಬೀದಿ ನೋಡುತ್ತೇನೆ ಎಂದರು, ಕರೆದುಕೊಂಡು ಹೋಗಬಹುದಿತ್ತು. ಮನೆಯವರು ಬೈಯುತ್ತಾರೆಂಬ ಹೆದರಿಕೆಯಲ್ಲಿ ಕೈ ಹಿಡಿದು ಎಬ್ಬಿಸಿ ತಂದೆವು. ಮುಂದಿನ ಚಳಿಗಾಲದಲ್ಲಿ ತಾತ ಹೋದರು. ಅವರು ಬೆಟ್ಟದಿಂದ ಆಚೆ ಹೋದದ್ದು ಅದೇ ಕೊನೆ. ಬೀದಿ ತೋರಿಸಿದ್ದರೆ ನಮ್ಮ ಗಂಟೇನು ಹೋಗುತ್ತಿತ್ತು ಎಂದು ಈಗಲೂ ಅಂದುಕೊಳ್ಳುತ್ತೇನೆ.

ಆವತ್ತು ಮಾತ್ರ ಡಾಕ್ಟರು ತಡೆಯಲಾರದೆ, "ಏನು ತಾತ, ಹೀಗಾ ಮಾಡೋದು?" ಎಂದಳು.

"ನೀವೇ ತಾನೇ ನಡೀರಿ ಅಂದುದ್ದು? ನಿಲ್ಲಿ ಅಂತ ಯಾರೂ ಅನ್ನಲಿಲ್ವಲ್ಲಾ!"

ಡಾಕ್ಟರು ಕೈಗಡಿಯಾರ ನೋಡಿಕೊಂಡಳು. ಅದನ್ನು ನಿಲ್ಲಿಸುವುದನ್ನೇ ಮರೆತಿದ್ದಳು. ನಾಲ್ಕು ಮೀಟರಿಗೆ ಒಂದು ಗಂಟೆ ಐವತ್ತು ನಿಮಿಷ.

ಐವತ್ತೆರಡು

ಹೋಲಿಕೆಗೆಂದು ಸ್ವಲ್ಪ ಚಿಕ್ಕ ವಯಸ್ಸಿನವರ ರಕ್ತವೂ ಬೇಕಿತ್ತು. ಗುಮಟಾಪುರದ ಕಡೆ ಕೋಸು, ಆಲೂಗಡ್ಡೆ ಬೆಳೆಯುವ ಒಬ್ಬ ಯಜಮಾನರು ಹೆಂಡತಿ ಸಮೇತ ತೋಳು ಚಾಚಿದರು. ಇವರ ವಯಸ್ಸು ನಾನು ಬರೆದದ್ದಲ್ಲ. ಇಬ್ಬರೂ ಶಾಲೆಗೆ ಹೋದವರು, ದಾಖಲೆ ಇತ್ತು. ಅವರಿಗೆ ಅರವತ್ನಾಲ್ಕು, ಆಕೆಗೆ ಅರವತ್ತೆರಡು.

ರಕ್ತದೊಳಗೆ ಒಂದು ಗಡಿಯಾರ ಇರುತ್ತದಂತೆ. ಹುಟ್ಟಿದ ದಿನದ ಲೆಕ್ಕ ಒಂದು, ಮೈ ಸವೆದ ಲೆಕ್ಕ ಇನ್ನೊಂದು. ಫಲಿತಾಂಶ ಬಂದಾಗ ಡಾಕ್ಟರು, "ಇದನ್ನು ಯಾರಿಗೂ ಹೇಳಬಾರದು ಸಿಸ್ಟರ್. ಇದು ಇನ್ನೂ ಒಬ್ಬೊಬ್ಬರಿಗೆ ಹೇಳುವಷ್ಟು ಗಟ್ಟಿಯಾಗಿಲ್ಲ. ಅತ್ತ ಇತ್ತ ಐದಾರು ವರ್ಷ ತಪ್ಪಬಹುದು," ಎಂದು ಎರಡು ಸಲ ಹೇಳಿದ್ದಳು.

ನಾನು ಹೇಳಿದೆ. ಅವರ ಮನೆಯಲ್ಲಿ ಕಾಫಿ ಕುಡಿಯುತ್ತಾ, ತಮಾಷೆಗೆ ಎಂದುಕೊಂಡು ಹೇಳಿಬಿಟ್ಟೆ. ಯಜಮಾನರ ರಕ್ತಕ್ಕೆ ಎಪ್ಪತ್ತೊಂದು, ಆಕೆಯ ರಕ್ತಕ್ಕೆ ಐವತ್ತೆರಡು.

ಆಕೆ ಲೋಟ ಕೆಳಗಿಟ್ಟು ಗಂಡನನ್ನು ಮೇಲಿಂದ ಕೆಳಗೆ ನೋಡಿದರು. "ಅದ್ಕೇ ಅನ್ಕತಿದ್ದೆ," ಎಂದರು, ಅಷ್ಟೇ.

ಯಜಮಾನರಿಗೆ ಆ ಮಾತು ನಾಟಿತು. ಮಾರನೆಯ ದಿನದಿಂದ ರಾತ್ರಿ ಊಟ ಬಿಟ್ಟರು. ಫೋನಿನಲ್ಲಿ ಜಾಹೀರಾತು ನೋಡಿ ವಯಸ್ಸು ಇಳಿಸುವುದೆಂಬ ಮಾತ್ರೆ ತರಿಸಿದರು. ಬೆಳಗಿನ ಚಳಿಯಲ್ಲಿ ತೊಟ್ಟಿಯ ನೀರಲ್ಲಿ ಕತ್ತಿನವರೆಗೆ ಕೂತರು. ಇದೆಲ್ಲ ಹಾಳಾಗಲಿ, ಹೊಸ ಮಾತ್ರೆ ಬಂತಲ್ಲ ಎಂದು ಬಿ.ಪಿ. ಮಾತ್ರೆ ನಿಲ್ಲಿಸಿದ್ದರು. ಇಪ್ಪತ್ತು ದಿನಕ್ಕೆ ಕೋಸಿನ ಹೊಲದಲ್ಲಿ ತಲೆ ತಿರುಗಿ ಬಿದ್ದು, ಕಾಲಿನ ಮೂಳೆ ಸೀಳಿತು.

ಸುದ್ದಿ ಕೇಳಿ ನಾನು ಓಡಿದೆ. ಕಾಲಿಗೆ ಕಟ್ಟು ಹಾಕಿಕೊಂಡು ಮಲಗಿದ್ದವರ ಮುಂದೆ ನಿಲ್ಲಲು ನನಗೆ ಮುಖ ಇರಲಿಲ್ಲ. "ತಪ್ಪು ನಂದು. ಹೇಳಬಾರದಿತ್ತು," ಎಂದೆ. ಅವರು ಬೈಯಲಿಲ್ಲ. "ಒಂದೇ ಒಂದು ಸಲ ಇನ್ನೊಮ್ಮೆ ನೋಡ್ಸು ನರ್ಸಮ್ಮ. ಎರಡು ವರ್ಸನಾದ್ರೂ ಕಮ್ಮಿ ಆಗಿರ್ಬೇಕು," ಎಂದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಡಾಕ್ಟರೂ ಬಂದಳು. ಹಾಸಿಗೆಯ ಪಕ್ಕ ಕೂತು, ಆ ಗಡಿಯಾರವನ್ನು ಪೂರ್ತಿ ನಂಬಬಾರದು, ಬಿ.ಪಿ. ಮಾತ್ರೆಯನ್ನು ಮಾತ್ರ ನಂಬಬೇಕು ಎಂದು ತಿಳಿಸಿ ಹೇಳಿದಳು. ಯಜಮಾನರು ನಿಟ್ಟುಸಿರು ಬಿಟ್ಟು ಒಪ್ಪಿದರು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಒಪ್ಪಲಿಲ್ಲ.

"ಇವ್ರುದು ತಪ್ಪಾಗಿರ್ಬೋದು ಕಣವ್ವ," ಎಂದರು. "ನಂದು ಸರಿಯಾಗೇ ಅದ."

ಹಾಸನೂರಿನ ದಾರಿಯಲ್ಲಿ

ಇಷ್ಟರಲ್ಲಿ ಒಂದೂವರೆ ವರ್ಷ ಕಳೆದಿತ್ತು. ನಾಳೆ ಹೇಳೋಣ ಎಂದುಕೊಂಡದ್ದು ಹಾಗೇ ಇತ್ತು. ಡಾಕ್ಟರು ನನ್ನ ಕೈಯಡುಗೆ ತಿನ್ನುತ್ತಿದ್ದಳು, ಜ್ವರ ಬಂದರೆ ನನ್ನ ಮನೆಯಲ್ಲೇ ಮಲಗುತ್ತಿದ್ದಳು. ಮುಂದೆ ಹೋದಷ್ಟೂ ಹೇಳುವುದು ಕಷ್ಟವಾಗುತ್ತಾ ಬಂತು.

ಒಂದು ಮಧ್ಯಾಹ್ನ ಹಾಸನೂರಿನ ದಾರಿಯಲ್ಲಿ ಬರುತ್ತಿದ್ದೆವು. ಅವಳು ಬಹಳ ಖುಷಿಯಲ್ಲಿದ್ದಳು. ಲೇಖನ ಮುಗಿಯಿತು ಸಿಸ್ಟರ್, ಮುಂದಿನ ತಿಂಗಳು ಕಳಿಸುತ್ತೇನೆ, ಕೊನೆಯಲ್ಲಿ ನಿಮಗೆ ಕೃತಜ್ಞತೆ ಅಂತ ಹೆಸರು ಹಾಕಿದ್ದೇನೆ ಎಂದಳು. ಆಮೇಲೆ ತಾನಾಗಿಯೇ, "ಅಪ್ಪ ಐವತ್ಮೂರಕ್ಕೆ ಹೋಗಿಬಿಟ್ಟರು. ನಾನು ಇದನ್ನು ಹಿಡಿದದ್ದು ಆಮೇಲೆ. ಇವರೆಲ್ಲ ಇಷ್ಟು ವರ್ಷ ಹೇಗೆ ಉಳಿದರು ಅಂತ ತಿಳಿದರೆ..." ಎಂದು ನಿಲ್ಲಿಸಿದಳು.

ತಿರುವಿನಲ್ಲಿ ಆನೆ ನಿಂತಿತ್ತು. ಅವಳು ಬ್ರೇಕ್ ಹಾಕಿ ಎಂಜಿನ್ ಆರಿಸಿದಳು. ಆನೆ ದಾರಿಯ ನಡುವೆ ನಿಂತು ಬಿದಿರು ಮುರಿಯುತ್ತಿತ್ತು. ಮುಂದೆ ಹೋಗುವ ಹಾಗಿಲ್ಲ, ಇಳಿಯುವ ಹಾಗಿಲ್ಲ, ಜೋರಾಗಿ ಮಾತಾಡುವ ಹಾಗೂ ಇಲ್ಲ. ಈಗ ಹೇಳಿದರೆ ಇವಳು ಕೂಗಾಡುವಂತಿಲ್ಲ ಎಂದು ನನಗೆ ಹೊಳೆಯಿತು. ಧೈರ್ಯ ಎಂದು ಹೇಳಿಕೊಳ್ಳಲಾರೆ. ಪಿಸುಗುಟ್ಟಿ ಎಲ್ಲವನ್ನೂ ಹೇಳಿಬಿಟ್ಟೆ. ಚೀಟಿ, ಅಳುತ್ತಿದ್ದ ಹೆಂಗಸರು, ಎಪ್ಪತ್ತು ಎಂದು ಬರೆದದ್ದು, ಒಂದೂವರೆ ವರ್ಷ ಬಾಯಿ ಮುಚ್ಚಿಕೊಂಡದ್ದು.

ಅವಳು ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದಳು. ಕಣ್ಣಿನಲ್ಲಿ ನೀರಿತ್ತು. ಅವಳನ್ನು ನೋಡಲಾರದೆ ನಾನು ಆನೆಯನ್ನೇ ನೋಡುತ್ತಿದ್ದೆ.

ಅವಳೂ ಪಿಸುದನಿಯಲ್ಲೇ ಕೇಳಿದಳು: "ಎಷ್ಟು ಜನ?"

"ಇಪ್ಪತ್ಮೂರು."

"ಪಟ್ಟಿಯಲ್ಲಿ ಇರೋದೇ ಇಪ್ಪತ್ತಾರು ಸಿಸ್ಟರ್." ಅವಳ ಧ್ವನಿಯಲ್ಲಿ ಒಂದು ಚೂರು ಆಸೆ ಉಳಿದಿತ್ತು. "ಹಾಗಾದರೆ ಆ ಮೂವರ ವಯಸ್ಸು ನಿಜಾನಾ?"

ಮತ್ತೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಇಲ್ಲ," ಎಂದೆ. "ಆಗ ನಾನು ಹೆರಿಗೆ ರಜೆಯಲ್ಲಿದ್ದೆ. ಅವು ಇನ್ನೊಬ್ಬ ನರ್ಸು ಬರೆದದ್ದು."

ನೂರಾ ಆರು

ಎರಡು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಜೀಪು ಬಂದು ನಿಂತಿತು. "ಹತ್ತಿ. ಎಲ್ಲರ ಮನೆಗೂ ಹೋಗಿ ಸರಿಯಾದ ವಯಸ್ಸು ಬರೆದುಕೊಳ್ಳೋಣ. ಅವರ ಕಾರ್ಡು ಅವರ ಹತ್ತಿರವೇ ಇರಲಿ, ಪೆನ್ಷನ್ನಿಗೆ ಏನೂ ಆಗಬಾರದು. ನನ್ನ ಪುಸ್ತಕದಲ್ಲಿ ಮಾತ್ರ ತಿದ್ದೋಣ," ಎಂದಳು. ಒಂದು ಬೈಗುಳವೂ ಇಲ್ಲ.

ಪಟ್ಟಿಯಲ್ಲಿ ಆಗಲೇ ಕೆಲವರು ತೀರಿಕೊಂಡಿದ್ದರು. ಉಳಿದವರ ಮನೆ ಮನೆಗೆ ಹೋಗಿ ಕೂತೆವು. ಮದುವೆಯಾದಾಗ ಊರಿಗೆ ಬಸ್ಸು ಬರುತ್ತಿತ್ತಾ? ಮೊದಲನೆಯ ಮಗು ಹುಟ್ಟಿದಾಗ ಕರೆಂಟು ಬಂದಿತ್ತಾ? ಮಗಳಿಗೆ ಈಗೆಷ್ಟು ವಯಸ್ಸು? ಹೀಗೆ ಎಳೆ ಎಳೆಯಾಗಿ ಬಿಡಿಸಿ ಲೆಕ್ಕ ಹಾಕಿದರೆ ನೂರಾ ಎರಡು ಎಂಬತ್ತೇಳಾಯಿತು, ತೊಂಬತ್ತೆಂಟು ಎಂಬತ್ತೈದಾಯಿತು. ಒಂದು ಸಂಜೆ ಡಾಕ್ಟರು ಪುಸ್ತಕ ಮುಚ್ಚಿ, "ಜಗತ್ತಿನ ದೊಡ್ಡ ದೊಡ್ಡ ಲ್ಯಾಬುಗಳು ಒಬ್ಬ ಮನುಷ್ಯನ ವಯಸ್ಸು ಒಂದು ವರ್ಷ ಇಳಿಸಲು ಒದ್ದಾಡುತ್ತಿವೆ ಸಿಸ್ಟರ್. ನೀವು ಒಂದೇ ವಾರದಲ್ಲಿ ಇಡೀ ಬೆಟ್ಟದ ವಯಸ್ಸು ಇಳಿಸಿಬಿಟ್ಟಿರಿ," ಎಂದಳು. ನಗುತ್ತಾ ಹೇಳಿದಳು. ಆದರೆ ಆ ನಗು ನೋಡಿ ನನಗೆ ಅಳು ಬಂತು.

ಅವಳು ಕೊನೆಗೆ ಬರೆದ ಲೇಖನ ಆಯಸ್ಸಿನ ಗುಟ್ಟಿನ ಬಗ್ಗೆ ಅಲ್ಲ. ವಯಸ್ಸಿನ ಕಾಗದಗಳನ್ನು ನಂಬಿ ಇಂಥ ಸಂಶೋಧನೆ ಮಾಡಬಾರದು ಎಂಬುದರ ಬಗ್ಗೆ. ಬೇಕಾದದ್ದೇ, ಆದರೆ ಅವಳು ಬೆಟ್ಟಕ್ಕೆ ಬಂದದ್ದು ಅದಕ್ಕಲ್ಲ. ಈಗ ಬೇರೆ ಊರಲ್ಲಿದ್ದಾಳೆ. ಹಬ್ಬಕ್ಕೆ ಫೋನ್ ಮಾಡುತ್ತಾಳೆ. ಮೊದಲನೆಯ ದಿನ ಜೀಪು ಹತ್ತುವ ಮೊದಲೇ ಒಂದು ಮಾತು ಹೇಳಿದ್ದರೆ ಅವಳ ಒಂದೂವರೆ ವರ್ಷ ಉಳಿಯುತ್ತಿತ್ತು. ಫೋನ್ ಇಟ್ಟ ಮೇಲೆ ಪ್ರತಿ ಸಲವೂ ನನಗೆ ಅದೇ ನೆನಪಾಗುತ್ತದೆ.

ಆ ವಾರದ ಕೊನೆಯ ಮನೆ ಪಟ್ಟಿಯಲ್ಲಿ ಎಲ್ಲರಿಗಿಂತ ದೊಡ್ಡವಳಾದ ಅಜ್ಜಿಯದು. ಕಾರ್ಡಿನಲ್ಲಿ ನೂರಾ ಆರು. ನೂರು ತುಂಬಿದಾಗ ಊರವರು ಬಂದು ಹಾರ ಹಾಕಿ ಕಾಲು ಮುಟ್ಟಿ ಹೋಗಿದ್ದರು. ಅಜ್ಜಿ ಆವತ್ತಿನಿಂದಲೇ ಹೊರಡಲು ತಯಾರಾಗಿತ್ತು. ಓಲೆ ಮೊಮ್ಮಕ್ಕಳಿಗೆ ಹಂಚಿತ್ತು. ಸಮಾಧಿಗೆ ಹೊಲದ ಮೂಲೆಯಲ್ಲಿ ಗಂಡನ ಪಕ್ಕ ಜಾಗ ತೋರಿಸಿಟ್ಟಿತ್ತು. ಉಡಿಸಬೇಕಾದ ಸೀರೆ ಪೆಟ್ಟಿಗೆಯಲ್ಲಿ ಮಡಿಸಿಟ್ಟಿತ್ತು. ಮನೆಯಲ್ಲಿ ಇದ್ದವಳು ಸೊಸೆ. ಅವಳಿಗೂ ಎಪ್ಪತ್ತರ ಹತ್ತಿರ. ಅತ್ತೆ ಪೂರ್ವ ಅಂದರೆ ಸೊಸೆ ಪಶ್ಚಿಮ ಎನ್ನುವುದು ಊರಿಗೆಲ್ಲ ಗೊತ್ತು. ಅವರ ಜಗಳ ಬಿಡಿಸಲು ನಾನೇ ಎಷ್ಟೋ ಸಲ ಹೋಗಿದ್ದೆ.

ನಾನೂ ಡಾಕ್ಟರೂ ಜಗಲಿಯಲ್ಲಿ ಕೂತು ಒಂದು ಗಂಟೆ ಲೆಕ್ಕ ಹಾಕಿದೆವು. ಮದುವೆ, ಮಕ್ಕಳು, ಗಂಡ ಹೋದ ವರ್ಷ, ನಾನು ಚೀಟಿ ಬರೆದ ವರ್ಷ. ಎಷ್ಟು ಎಳೆದರೂ ಎಂಬತ್ತೊಂಬತ್ತು ದಾಟಲಿಲ್ಲ. ಅಜ್ಜಿಗೆ ಖುಷಿಯಾದೀತು ಎಂದುಕೊಂಡು ನಾನು ಹತ್ತಿರ ಸರಿದು ಹೇಳಿದೆ: "ಅಜ್ಜಿ, ನಿಮಗೆ ನೂರಾ ಆರು ಅಲ್ಲ. ಆವತ್ತು ನಾನು ಜಾಸ್ತಿ ಬರೆದುಬಿಟ್ಟಿದ್ದೆ. ನಿಜವಾಗಿ ಎಂಬತ್ತೊಂಬತ್ತು."

ಅಜ್ಜಿ ಬೆರಳು ಮಡಚಿ ಮಡಚಿ ಎಣಿಸಿತು. ಮುಖ ಸಣ್ಣದಾಗುತ್ತಾ ಬಂತು.

"ಅಂಗಾರ ನಾನು ಬಾಳುದ್ದು ಅದಿನೇಳು ವರ್ಸ ಕಮ್ಮಿನಾ?"

"ಹೂಂ ಅಜ್ಜಿ."

"ಆ ಅದಿನೇಳು ವರ್ಸ ಇನ್ನೂ ಬಾಳ್ಬೇಕಾ?"

ನಾನು ತಬ್ಬಿಬ್ಬಾದೆ. "ಹಾಗಲ್ಲ ಅಜ್ಜಿ..."

"ಎಂಗಲ್ಲ? ನೀನೇ ತಾನೇ ಬರ್ದೋಳು! ನೂರಾಯ್ತು, ಮುಗೀತು ಅಂತ ನಾನು ಎಲ್ಲಾ ಅಂಚಿ ಬುಟ್ಟು ಕುಂತಿವ್ನಿ. ಈಗ ಬಂದು ಇಂದಕ್ಕ ಓಗು ಅಂದ್ರ ಎಂಗವ್ವ ಓಗ್ಲಿ?" ಅಜ್ಜಿಯ ಕಣ್ಣು ತುಂಬಿತು. ನನ್ನ ಕಣ್ಣೂ ತುಂಬಿತು. ಒಂದು ಚೀಟಿಯಲ್ಲಿ ಗೀಚಿದ ಅಂಕೆಯನ್ನು ಒಬ್ಬ ಹೆಂಗಸು ಇಷ್ಟು ನಂಬಿ ಬಾಳುತ್ತಾಳೆಂದು ಆವತ್ತು ಯಾರು ಅಂದುಕೊಂಡಿದ್ದರು? ಅಜ್ಜಿ ನನ್ನ ಕೈ ಹಿಡಿದುಕೊಂಡಿತು. "ನೂರಾ ಆರೇ ಇರ್ಲಿ ಬುಡು ನರ್ಸಮ್ಮ. ಒಡೀಬೇಡ ಅದ್ನ."

ಅಡುಗೆಮನೆಯಲ್ಲಿ ಏನೋ ಧಡಾರನೆ ಬಿತ್ತು. ಸೊಸೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬೆವರಿದ ಮುಖದಲ್ಲಿ ದೊಡ್ಡ ಗಾಬರಿ.

"ಇನ್ನೂ ಅದಿನೇಳು ವರ್ಸನಾ? ಬ್ಯಾಡ ಕಣಕ್ಕಾ, ನಿನ್ ಕಾಲಿಗ್ ಬೀಳ್ತೀನಿ! ನಮ್ಮತ್ತೆ ಏಳುದ್ದೇ ಸರಿ. ನೂರಾ ಆರೇ ಇರ್ಲಿ!"

ಅಜ್ಜಿ ಕಣ್ಣೊರೆಸಿಕೊಂಡು ಸೊಸೆಯನ್ನು ಒಂದು ಗಳಿಗೆ ಬೆರಗಿನಿಂದ ನೋಡಿತು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ ಹೇಳಿತು:

"ಐವತ್ತು ವರ್ಸದಲ್ಲಿ ಅವ್ಳು ನನ್ ಮಾತು ಸರಿ ಅಂದುದ್ದು ಇದೇ ಮೊದ್ಲು. ಬಿರ್ನೆ ಬರ್ಕೊ ಕಣವ್ವ, ಅವ್ಳು ಮನ್ಸು ಬದ್ಲಾಯ್ಸಕ್ ಮುಂಚ!"